ಸ್ಟೀರಿಂಗ್ ಹಿಡಿದ ಮೇಬೆಲ್

(ಮೂಕಿ ಚಿತ್ರಗಳ ನಟಿ, ನಿರ್ದೇಶಕಿ ಮೇಬೆಲ್ ನಾರ್ಮಂಡ್ ಬಗ್ಗೆ ಸಿನಿಮಾ ಆಸಕ್ತರ ಬಳಗವೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ನಡುವೆ ತೋರಿಸಿದ ತುಣುಕುಗಳ ಪ್ರಸ್ತಾಪವನ್ನು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಚಾರ್ಲಿ ಚಾಪ್ಲಿನ್ ಹೆಸರು ಕೇಳದವರು ಈ ಸಭೆಯಲ್ಲಿ ಇರಲಾರರು. ಹಾಗಾಗಿ ಅವನಿಂದಲೇ ಶುರು ಮಾಡುತ್ತೇನೆ.

1914ರ ಮೊದಲ ತಿಂಗಳುಗಳು. ಲಾಸ್ ಏಂಜಲೀಸಿನ ಹೊರವಲಯದ ಒಂದು ರಸ್ತೆಯಲ್ಲಿ ಶೂಟಿಂಗ್ ನಡೆದಿದೆ. ಚಿತ್ರದ ಹೆಸರು 'ಮೇಬೆಲ್ ಅಟ್ ದ ವೀಲ್'. ಹುಡುಗಿಯೊಬ್ಬಳು ರೇಸ್ ಕಾರು ಓಡಿಸಿ ಪಂದ್ಯ ಗೆಲ್ಲುವ ಕಥೆ. ಚಾಪ್ಲಿನ್ ಇದರಲ್ಲಿ ಖಳ. ಕಾರು ಜಾರಿ ಬೀಳಲಿ ಅಂತ ಅವನು ಪೈಪು ಹಿಡಿದು ರಸ್ತೆಗೆ ನೀರು ಬಿಡಬೇಕು, ಅಷ್ಟೇ. ಅವನಿಗೆ ಅಷ್ಟು ಸಾಲಲಿಲ್ಲ. ನಾನು ಗೊತ್ತಾಗದೆ ಪೈಪಿನ ಮೇಲೆ ಕಾಲಿಟ್ಟುಬಿಡುತ್ತೇನೆ, ನೀರು ನಿಲ್ಲುತ್ತದೆ, ಯಾಕೆ ಬರ್ತಿಲ್ಲ ಅಂತ ಪೈಪಿನ ಬಾಯಿಗೆ ಕಣ್ಣಿಟ್ಟು ನೋಡುತ್ತೇನೆ, ಕಾಲು ತೆಗೆಯುತ್ತೇನೆ, ಮುಖಕ್ಕೆ ನೀರು ರಾಚುತ್ತದೆ, ಹೇಗಿದೆ ಅಂದ. ನಿರ್ದೇಶಕಿ ಬೇಡ ಅಂದಳು. ಹೊತ್ತಿಲ್ಲ, ಹೇಳಿದಷ್ಟು ಮಾಡು ಅಂದಳು. ಚಾಪ್ಲಿನ್‌ಗೆ ರೇಗಿತು. ನನಗೆ ಹೇಳಿಕೊಡುವ ಯೋಗ್ಯತೆ ನಿಮಗಿದೆ ಅಂತ ನಾನು ನಂಬುವುದಿಲ್ಲ ಅಂದವನೇ ಹೋಗಿ ರಸ್ತೆ ಅಂಚಿನಲ್ಲಿ ಕೂತುಬಿಟ್ಟ. ಆವತ್ತಿನ ಶೂಟಿಂಗ್ ಅಲ್ಲಿಗೆ ನಿಂತಿತು.

ಇದು ಚಾಪ್ಲಿನ್ 1964ರಲ್ಲಿ ಪ್ರಕಟಿಸಿದ ಆತ್ಮಕಥೆಯಲ್ಲಿ ಬರುವ ಪ್ರಸಂಗ. ಓದುವಾಗ ನಾವು ಚಾಪ್ಲಿನ್ ಪಕ್ಷ ವಹಿಸುತ್ತೇವೆ, ಯಾಕೆಂದರೆ ಅವನು ಮುಂದೆ ಏನಾದ ಅನ್ನುವುದು ನಮಗೆ ಗೊತ್ತಿದೆ. ಆ ರಸ್ತೆಯಲ್ಲಿ ನಿಂತಿದ್ದವರಿಗೆ ಗೊತ್ತಿರಲಿಲ್ಲ. ಅವರು ಕಂಡಿದ್ದು ಇಷ್ಟು: ಕ್ಯಾಮೆರಾ ಮುಂದೆ ಬಂದು ಇನ್ನೂ ಕೆಲವೇ ವಾರಗಳಾದ ಒಬ್ಬ ಇಂಗ್ಲಿಷ್ ರಂಗನಟ, ಮತ್ತು ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿ ಮುಗಿಸಿದ್ದ, ಚಿತ್ರ ತೆಗೆಯುತ್ತಿದ್ದ ಕೀಸ್ಟೋನ್ ಕಂಪನಿಯ ಅತಿ ದೊಡ್ಡ ತಾರೆಯಾದ ಆ ನಿರ್ದೇಶಕಿ. ಅವಳಿಗೆ ವಯಸ್ಸು 21. ಅವನಿಗೆ 24. ಇನ್ನು ಆ ಪೈಪಿನ ಹಾಸ್ಯ, ಅದೇನು ಹೊಸದಲ್ಲ. ಫ್ರಾನ್ಸಿನ ಲೂಮಿಯೇರ್ ಸಹೋದರರು 1895ರಲ್ಲೇ ಅದನ್ನು ತೆರೆಗೆ ತಂದಿದ್ದರು. ಚಿತ್ರರಂಗದಷ್ಟೇ ಹಳೆಯ ಜೋಕು. ಹೊತ್ತಿಲ್ಲ ಅಂದದ್ದೂ ನಿಜವೇ. ಚಿತ್ರದ ಒಂದು ಭಾಗವನ್ನು ಸಾಂತಾ ಮೋನಿಕಾದಲ್ಲಿ ನಡೆದ ನಿಜವಾದ ಕಾರ್ ರೇಸಿನ ನಡುವೆ ತೆಗೆದಿದ್ದಾರೆ. ರೇಸು ಯಾರಿಗಾಗಿಯೂ ಎರಡನೇ ಸಲ ಓಡುವುದಿಲ್ಲ.

ಆ ನಿರ್ದೇಶಕಿಯ ಹೆಸರು ಮೇಬೆಲ್ ನಾರ್ಮಂಡ್. ಇವತ್ತಿನ ಮಾತು ಅವಳ ಬಗ್ಗೆ. ನನ್ನ ತಕರಾರು ಇಷ್ಟೇ: ಮೇಬೆಲ್ ಕಥೆಯನ್ನು ಈವರೆಗೆ ಬೇರೆಯವರೇ ಹೇಳಿದ್ದಾರೆ. ಚಾಪ್ಲಿನ್ ಹೇಳಿದ, ಅವಳ ನಿರ್ಮಾಪಕ ಮ್ಯಾಕ್ ಸೆನೆಟ್ ಹೇಳಿದ, ಪತ್ರಿಕೆಗಳಂತೂ ಕೂಗಿ ಕೂಗಿ ಹೇಳಿದವು. ಅವಳು ಆತ್ಮಕಥೆ ಬರೆಯಲಿಲ್ಲ. ಉಳಿದಿರುವುದು ಚಿತ್ರಗಳು ಮಾತ್ರ, ಅವೂ ಅರೆಬರೆ. ಅವುಗಳನ್ನೇ ಸಾಕ್ಷಿಗೆ ಕರೆಯೋಣ.

ಹುಟ್ಟಿದ್ದು 1892ರ ನವೆಂಬರಿನಲ್ಲಿ, ನ್ಯೂಯಾರ್ಕಿನ ಸ್ಟೇಟನ್ ಐಲೆಂಡ್‌ನಲ್ಲಿ. ಅಪ್ಪ ಮರಗೆಲಸದವನು. ಅನುಕೂಲಸ್ಥ ಮನೆಯಲ್ಲ. ಹದಿಹರೆಯದಲ್ಲೇ ಚಿತ್ರಕಾರರಿಗೆ ಮಾಡೆಲ್ ಆಗಿ ಕೂರಲು ಹೊರಟಳು. 'ಗಿಬ್ಸನ್ ಗರ್ಲ್' ಎಂಬ ಹೆಸರಿನಲ್ಲಿ ಆಗಿನ ಅಮೆರಿಕದ ಸುಂದರಿಯರ ಮಾದರಿಯನ್ನೇ ರೂಪಿಸಿದ ಚಾರ್ಲ್ಸ್ ಡಾನಾ ಗಿಬ್ಸನ್ ಅವರಲ್ಲೊಬ್ಬ. ಅಲ್ಲಿಂದ ಸಿನಿಮಾ ಹತ್ತಿರ, ಯಾಕೆಂದರೆ ಆಗ ಸಿನಿಮಾ ಕಂಪನಿಗಳೂ ನ್ಯೂಯಾರ್ಕಿನಲ್ಲೇ ಇದ್ದವು. ವೈಟಾಗ್ರಾಫ್ ಕಂಪನಿಯಲ್ಲಿ ಜಾನ್ ಬನ್ನಿ ಎಂಬ ದಢೂತಿ ಹಾಸ್ಯನಟನ ಜೊತೆ ಮಾಡಿದಳು. ಬಯೋಗ್ರಾಫ್ ಕಂಪನಿಯಲ್ಲಿ ನಿರ್ದೇಶಕ ಡಿ. ಡಬ್ಲ್ಯು. ಗ್ರಿಫಿತ್ ಅವಳನ್ನು ಗಂಭೀರ ಪಾತ್ರಗಳಿಗೆ ಹಾಕಿದ. 1911ರ 'ಹರ್ ಅವೇಕನಿಂಗ್' ನೋಡಿ. ಪ್ರಿಯಕರನ ಎದುರು ತನ್ನ ಮುದಿ ತಾಯಿಯನ್ನು ತಾಯಿ ಅಂತ ಹೇಳಿಕೊಳ್ಳಲು ನಾಚುವ ಮಗಳ ಪಾತ್ರ. ಕಣ್ಣೀರಿನ ಪಾತ್ರವನ್ನೂ ಆಕೆ ಮಾಡಬಲ್ಲವಳಾಗಿದ್ದಳು. ನಗಿಸುವ ದಾರಿ ಹಿಡಿದದ್ದು ಬೇರೆ ಗತಿಯಿಲ್ಲದೆ ಅಲ್ಲ.

ಬಯೋಗ್ರಾಫ್‌ನಲ್ಲೇ ಮ್ಯಾಕ್ ಸೆನೆಟ್ ಸಿಕ್ಕ. 1912ರಲ್ಲಿ ಅವನು ಕೆಸೆಲ್ ಮತ್ತು ಬಾಮನ್ ಎಂಬ ಇಬ್ಬರ ಬಂಡವಾಳದಿಂದ ಕೀಸ್ಟೋನ್ ಕಂಪನಿ ಕಟ್ಟಿದಾಗ ಜೊತೆಗೆ ಹೋದ ನಾಲ್ಕೈದು ಜನರಲ್ಲಿ ಮೇಬೆಲ್ ಒಬ್ಬಳು. ಕಂಪನಿ ಲಾಸ್ ಏಂಜಲೀಸಿನ ಎಡೆಂಡೇಲ್‌ಗೆ ಬಂತು. ಸ್ಟುಡಿಯೋ ಅಂದರೆ ಮಾಡಿಲ್ಲದ ಮರದ ಅಟ್ಟಣೆ, ಬಿಸಿಲನ್ನು ಸೋಸಲು ಮೇಲೊಂದು ಬಿಳಿ ಬಟ್ಟೆ. ಒಂದು ರೀಲು, ಅಂದರೆ ಸಾವಿರ ಅಡಿ, ಹತ್ತು ಹದಿನೈದು ನಿಮಿಷ. ಕಥೆ ಹೊಳೆಯದಿದ್ದರೆ ಹತ್ತಿರದ ಎಕೋ ಪಾರ್ಕ್ ಕೆರೆಗೆ ಹೋಗಿ ಯಾರನ್ನಾದರೂ ನೀರಿಗೆ ತಳ್ಳುವುದು. ವಾರಕ್ಕೆ ಇಷ್ಟು ರೀಲು ಅಂತ ಕಳಿಸಲೇಬೇಕಾದ ಒತ್ತಡದಲ್ಲಿ ಬಂದ ಹಾಸ್ಯವದು. ಅದರಲ್ಲಿ ಬಹಳಷ್ಟು ಕಸ ಅಂತ ಹೇಳಲು ನನಗೇನೂ ಸಂಕೋಚವಿಲ್ಲ.

ಅವಳು ಒಳ್ಳೆಯ ಈಜುಗಾರ್ತಿ. ಕೀಸ್ಟೋನಿನ ಮೊದಮೊದಲ ಚಿತ್ರಗಳಲ್ಲಿ ಒಂದಾದ 'ದ ವಾಟರ್ ನಿಂಫ್'ನಲ್ಲಿ ಮೈಗಂಟಿದ ಈಜುಡುಗೆ ತೊಟ್ಟು ನೀರಿಗೆ ಹಾರಿದಳು, ಜನ ಮುಗಿಬಿದ್ದರು. ನೋಡಲು ಬಂದದ್ದು ಮೈಯನ್ನು ಅನ್ನುವುದರಲ್ಲಿ ಅನುಮಾನವಿಲ್ಲ. ಸೆನೆಟ್ ಅದೇ ಸೂತ್ರ ಹಿಡಿದು ಮುಂದೆ ಈಜುಡುಗೆ ಚೆಲುವೆಯರ ತಂಡವನ್ನೇ ಕಟ್ಟಿದ. ಆದರೆ ಆ ತಂಡದವರು ಸಾಲಾಗಿ ನಿಲ್ಲುವುದಕ್ಕೆ ಇದ್ದವರು. ಮೇಬೆಲ್ ಬೀಳುತ್ತಿದ್ದಳು, ಏಟು ತಿನ್ನುತ್ತಿದ್ದಳು, ಏಟು ಕೊಡುತ್ತಿದ್ದಳು. ಆ ಕಾಲದ ಹಾಸ್ಯದಲ್ಲಿ ಹೆಣ್ಣಿಗೆ ಇದ್ದದ್ದು ಎರಡೇ ಜಾಗ: ಒಂದೋ ಚೆಲುವೆ, ಅವಳಿಗಾಗಿ ಗಂಡಸರು ಹೊಡೆದಾಡುತ್ತಾರೆ, ಇಲ್ಲವೇ ಕುರೂಪಿ ಅಥವಾ ಮುದುಕಿ, ಅವಳನ್ನು ನೋಡಿ ನಗಬೇಕು. ಚೆಲುವೆಯೂ ಅವಳೇ, ನಗಿಸುವವಳೂ ಅವಳೇ ಆದದ್ದು ಮೇಬೆಲ್‌ಳ ಹೊಸತನ. ತೆರೆಯ ಮೇಲೆ ಎದುರಿನವನ ಮುಖಕ್ಕೆ ಮೊದಲ ಕಡುಬು (ಪೈ) ಎಸೆದವಳೂ ಇವಳೇ ಅಂತಾರೆ. ಇಂಥ 'ಮೊದಲು'ಗಳ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ, ಬಿಡಿ.

ಈಗ ತೋರಿಸಿದ ತುಣುಕು 1913ರ 'ಮೇಬೆಲ್ಸ್ ಡ್ರಮ್ಯಾಟಿಕ್ ಕೆರಿಯರ್'ನದು. ಹಳ್ಳಿಯ ಮನೆಗೆಲಸದ ಹುಡುಗಿ. ಮನೆಯ ಮಗನಿಗೆ ಅವಳ ಮೇಲೆ ಮನಸ್ಸು, ಆದರೆ ಅವಳಿಗೆ ಕೆಲಸವೇ ಹೋಗುತ್ತದೆ. ಕಾಲ ಕಳೆದ ಮೇಲೆ ಅವನು ಪಟ್ಟಣಕ್ಕೆ ಬಂದು ಸಿನಿಮಾ ಮಂದಿರ ಹೊಕ್ಕರೆ ತೆರೆಯ ಮೇಲೆ ಅವಳು! ಖಳ ಅವಳ ಮೇಲೆ ಕೈಮಾಡುತ್ತಾನೆ. ಇವನು ಪಿಸ್ತೂಲು ತೆಗೆದು ತೆರೆಗೇ ಗುಂಡು ಹಾರಿಸುತ್ತಾನೆ. ಆ ಪೆದ್ದನ ಪಾತ್ರ ಮಾಡಿದವನು ಸ್ವತಃ ಸೆನೆಟ್. ಕೆಲಸ ಕಳೆದುಕೊಂಡು ಹೊರಬಿದ್ದ ಹುಡುಗಿ ತಾರೆಯಾಗಿದ್ದಾಳೆ, ಅವಳ ಪಾಡಿಗೆ ಅವಳಿದ್ದಾಳೆ, ಹುಚ್ಚಾಟ ಗಂಡಸಿನದು. ಈ ಚಿತ್ರವನ್ನು ನೆನಪಿನಲ್ಲಿಟ್ಟುಕೊಳ್ಳಿ. ಹತ್ತು ವರ್ಷದ ನಂತರದ ಇನ್ನೊಂದರ ಪಕ್ಕ ಇದನ್ನು ಇಟ್ಟು ನೋಡುವುದಿದೆ.

ಅವಳ ನಟನೆಯ ಬಗ್ಗೆ ಒಂದು ಮಾತು. ಕೀಸ್ಟೋನಿನ ಗಂಡಸರು, ಮುಖ್ಯವಾಗಿ ಫೋರ್ಡ್ ಸ್ಟರ್ಲಿಂಗ್, ಒಂದು ಸಿಟ್ಟು ತೋರಿಸಲು ಕೈ, ಕಾಲು, ಗಡ್ಡ ಎಲ್ಲವನ್ನೂ ಕುಣಿಸುತ್ತಾರೆ. ಮೇಬೆಲ್ ನಿಂತಲ್ಲೇ ನಿಂತು ಯೋಚನೆ ಮಾಡುತ್ತಾಳೆ. ಯೋಚನೆ ಹುಟ್ಟುವುದು, ಅದು ತಪ್ಪು ಅಂತ ಗೊತ್ತಾಗುವುದು, ಆದರೂ ಮಾಡಿಯೇ ಬಿಡೋಣ ಅನ್ನಿಸುವುದು, ಮೂರೂ ಆ ದೊಡ್ಡ ಕಣ್ಣುಗಳಲ್ಲಿ ಒಂದರ ಹಿಂದೊಂದು ಬರುತ್ತವೆ. 1914ರ 'ಟಿಲ್ಲೀಸ್ ಪಂಕ್ಚರ್ಡ್ ರೊಮಾನ್ಸ್'ನಲ್ಲಿ ಇದಕ್ಕೆ ಒಂದು ಒಳ್ಳೆಯ ನಿದರ್ಶನವಿದೆ. ಆರು ರೀಲಿನ ಆ ಚಿತ್ರದ ನಾಯಕಿ ರಂಗಭೂಮಿಯ ಖ್ಯಾತ ನಟಿ ಮರೀ ಡ್ರೆಸ್ಲರ್. ಚಾಪ್ಲಿನ್ ಮತ್ತು ಮೇಬೆಲ್ ಅವಳ ಹಣ ಲಪಟಾಯಿಸುವ ಜೋಡಿ. ಕದ್ದ ಹಣದೊಂದಿಗೆ ಇಬ್ಬರೂ ಸಿನಿಮಾ ನೋಡಲು ಕೂರುತ್ತಾರೆ. ತೆರೆಯ ಮೇಲೆ ನಡೆಯುವುದು ಇವರದೇ ಕಥೆ, ಕಳ್ಳಜೋಡಿಯೊಂದು ಸಿಕ್ಕಿಬೀಳುವ ಕಥೆ. ಪಕ್ಕದ ಕುರ್ಚಿಯಲ್ಲಿ ಕೂತವನ ಕೋಟಿನಲ್ಲಿ ಪೊಲೀಸ್ ಬಿಲ್ಲೆ. ಮೇಬೆಲ್ ಅದನ್ನು ನೋಡಿ, ನೋಡದವಳಂತೆ ಕೂತು, ಮತ್ತೆ ತೆರೆ ನೋಡಿ, ಮತ್ತೆ ಅವನ ಕಡೆ ಕಣ್ಣು ಹೊರಳಿಸುತ್ತಾಳೆ. ಚಾಪ್ಲಿನ್ ಪಕ್ಕದಲ್ಲೇ ಇದ್ದಾನೆ. ನನ್ನ ಕಣ್ಣು ಅವನ ಮೇಲೆ ನಿಲ್ಲುವುದಿಲ್ಲ.

1913ರ ಕೊನೆಯ ಹೊತ್ತಿಗೆ ಅವಳು ತನ್ನ ಚಿತ್ರಗಳನ್ನು ತಾನೇ ನಿರ್ದೇಶಿಸತೊಡಗಿದ್ದಳು. ಇಲ್ಲೊಂದು ತೊಡಕಿದೆ. ಕೀಸ್ಟೋನ್ ಚಿತ್ರಗಳಲ್ಲಿ ನಿರ್ದೇಶಕರ ಹೆಸರು ಹಾಕುವ ವಾಡಿಕೆ ಇರಲಿಲ್ಲ. ಹಾಗಾಗಿ ಯಾವುದು ಯಾರದು ಅನ್ನುವುದನ್ನು ಸಂಶೋಧಕರು ಹಳೆಯ ಕಾಗದಪತ್ರ, ಪತ್ರಿಕೆ ಸುದ್ದಿಗಳಿಂದ ಹೆಕ್ಕಬೇಕಾಗಿದೆ. ಹೆಸರು ಇಲ್ಲದಿದ್ದಾಗ ಹೆಚ್ಚುಗಾರಿಕೆ ಯಾವಾಗಲೂ ಸೆನೆಟ್ ಲೆಕ್ಕಕ್ಕೆ ಸೇರುತ್ತಿತ್ತು. ಚಾಪ್ಲಿನ್ ತನ್ನ ಅಲೆಮಾರಿ ವೇಷವನ್ನು, ಆ ಟೊಪ್ಪಿ, ಬೆತ್ತ, ಸಡಿಲ ಪ್ಯಾಂಟನ್ನು, ಕ್ಯಾಮೆರಾ ಮುಂದೆ ಮೊದಲು ತೊಟ್ಟದ್ದು 'ಮೇಬೆಲ್ಸ್ ಸ್ಟ್ರೇಂಜ್ ಪ್ರೆಡಿಕಮೆಂಟ್' ಚಿತ್ರಕ್ಕೆ. ಅದೇ ವೇಷದಲ್ಲಿ ಆಮೇಲೆ ತೆಗೆದ ಇನ್ನೊಂದು ಚಿತ್ರ ಎರಡು ದಿನ ಮೊದಲು, 1914ರ ಫೆಬ್ರವರಿ 7ಕ್ಕೆ, ಬಿಡುಗಡೆಯಾಯಿತು. ಇದು 9ಕ್ಕೆ ಬಂತು. ಈ ಚಿತ್ರದ ನಿರ್ದೇಶನವೂ ಮೇಬೆಲ್‌ಳದೇ ಎಂದು ಇತ್ತೀಚಿನ ಸಂಶೋಧಕರು ಹೇಳುತ್ತಾರೆ. ಹೋಟೆಲಿನ ಪಡಸಾಲೆಯಲ್ಲಿ ಕುಡುಕ ಚಾಪ್ಲಿನ್ ಅವಳ ನಾಯಿಯ ಹಗ್ಗಕ್ಕೆ ಸಿಕ್ಕಿ ಬೀಳುತ್ತಾನೆ, ರಾತ್ರಿಯುಡುಗೆಯಲ್ಲಿದ್ದ ಅವಳು ಕೋಣೆಯ ಹೊರಗೆ ಬೀಗ ಬಿದ್ದು ಸಿಕ್ಕಿಹಾಕಿಕೊಳ್ಳುತ್ತಾಳೆ. ಹೆಸರಿನಲ್ಲಿ ಇರುವುದು ಮೇಬೆಲ್, ಇಂದು ಜನ ಹುಡುಕಿಕೊಂಡು ನೋಡುವುದು ಚಾಪ್ಲಿನ್‌ಗಾಗಿ.

ರಸ್ತೆ ಜಗಳ ಏನಾಯಿತು ಅಂತ ಹೇಳದೆ ಮುಂದೆ ಬಂದೆ. ಸೆನೆಟ್ ಮೊದಲು ಚಾಪ್ಲಿನ್ ಮೇಲೆ ಹರಿಹಾಯ್ದ. ಮರುದಿನ ಮೆತ್ತಗಾಗಿದ್ದ, ಯಾಕೆಂದರೆ ಚಾಪ್ಲಿನ್ ಚಿತ್ರಗಳು ಇನ್ನಷ್ಟು ಬೇಕು ಅಂತ ನ್ಯೂಯಾರ್ಕಿನ ಕಚೇರಿಯಿಂದ ತಂತಿ ಬಂದಿತ್ತು. ಚಾಪ್ಲಿನ್‌ಗೆ ಸ್ವಂತವಾಗಿ ನಿರ್ದೇಶಿಸುವ ಅವಕಾಶದ ಮಾತು ಸಿಕ್ಕಿತು. ಅವನೂ ಮೇಬೆಲ್ಲೂ ರಾಜಿಯಾಗಿ ಅದೇ ವರ್ಷ ಇನ್ನೂ ಹಲವು ಚಿತ್ರಗಳಲ್ಲಿ ಜೊತೆಯಾದರು. 'ಕಾಟ್ ಇನ್ ಎ ಕ್ಯಾಬರೆ'ಯನ್ನು ಅವಳೇ ನಿರ್ದೇಶಿಸಿದಳು. ಆದರೆ 1992ರಲ್ಲಿ ರಿಚರ್ಡ್ ಅಟೆನ್‌ಬರೋ ಚಾಪ್ಲಿನ್ ಕುರಿತು ತೆಗೆದ ಚಿತ್ರದಲ್ಲಿ ನೋಡಿ, ಮರೀಸಾ ಟೊಮೇ ಮಾಡಿದ ಮೇಬೆಲ್ ಏನೂ ತಿಳಿಯದೆ ಕಿರುಚುವ ಹೆಣ್ಣು. ಆತ್ಮಕಥೆಯ ಒಂದು ಪುಟ ಇಪ್ಪತ್ತೆಂಟು ವರ್ಷದ ನಂತರ ತೆರೆಗೆ ಬಂದ ರೀತಿ ಇದು.

ಅವಳ ನಿರ್ದೇಶನ ಹೇಗಿತ್ತು ಅನ್ನುವವರಿಗೆ 'ಮೇಬೆಲ್ಸ್ ಬ್ಲಂಡರ್' ಇದೆ, 1914ರದ್ದೇ. ಬರವಣಿಗೆ, ನಿರ್ದೇಶನ, ಮುಖ್ಯ ಪಾತ್ರ ಮೂರೂ ಅವಳದು. ಆಫೀಸಿನ ಟೈಪಿಸ್ಟ್ ಹುಡುಗಿ. ಮಾಲೀಕನ ಮಗನೊಂದಿಗೆ ಮದುವೆ ಗೊತ್ತಾಗಿದೆ. ಮಾಲೀಕನಿಗೂ ಅವಳ ಮೇಲೆ ಕಣ್ಣು. ಹುಡುಗ ಬೇರೊಬ್ಬಳನ್ನು ತಬ್ಬಿಕೊಂಡದ್ದು ಕಾಣುತ್ತದೆ. ಪತ್ತೆ ಮಾಡಲು ಇವಳು ಡ್ರೈವರ್ ಆಗಿರುವ ತನ್ನ ಅಣ್ಣನ ಉಡುಪು ತೊಡುತ್ತಾಳೆ, ಅಣ್ಣ ಇವಳ ಉಡುಪು ತೊಟ್ಟು ಮುಸುಕು ಹಾಕಿಕೊಳ್ಳುತ್ತಾನೆ. ಮಾಲೀಕ ಆ ಮುಸುಕಿನ ಹಿಂದೆ ಬೀಳುತ್ತಾನೆ. ತಬ್ಬಿಕೊಂಡಿದ್ದವಳು ಹುಡುಗನ ಸ್ವಂತ ತಂಗಿ. ಹದಿಮೂರು ಹದಿನಾಲ್ಕು ನಿಮಿಷದಲ್ಲಿ ಇಷ್ಟೂ ಗೋಜಲಿಲ್ಲದೆ ತಿಳಿಯುತ್ತದೆ. ಯೋಗ್ಯತೆ ಇಲ್ಲದ ನಿರ್ದೇಶಕಿ ಮಾಡುವ ಕೆಲಸ ಅಲ್ಲ ಅದು. 2009ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಗೆ ಇದನ್ನು ಸೇರಿಸಿದರು.

ಅವಳಿಗೆ ತಕ್ಕ ಜೋಡಿ ಚಾಪ್ಲಿನ್ ಅಲ್ಲ, ರಾಸ್ಕೋ ಆರ್ಬಕಲ್, ಎಲ್ಲರ 'ಫ್ಯಾಟಿ'. ದೊಡ್ಡ ಗಾತ್ರ, ಹಗುರ ಕಾಲು. ಇವರಿಬ್ಬರ ಚಿತ್ರಗಳಲ್ಲಿ ಕೀಸ್ಟೋನಿನ ಗಲಾಟೆ ತಣ್ಣಗಾಗಿ ಸಂಸಾರದ ಸಣ್ಣಪುಟ್ಟ ಕಿರಿಕಿರಿ ಒಳಗೆ ಬರುತ್ತದೆ. 1916ರ 'ಫ್ಯಾಟಿ ಅಂಡ್ ಮೇಬೆಲ್ ಅಡ್ರಿಫ್ಟ್'ನಲ್ಲಿ ಹೊಸ ದಂಪತಿಯ ಕಡಲ ತಡಿಯ ಮನೆಯನ್ನು ದುಷ್ಟರು ರಾತ್ರೋರಾತ್ರಿ ಸಮುದ್ರಕ್ಕೆ ತೇಲಿಬಿಡುತ್ತಾರೆ. ಅದಕ್ಕೂ ಮುಂಚೆ ಒಂದು ದೃಶ್ಯ: ಅವಳು ಮಲಗಿದ್ದಾಳೆ, ಆರ್ಬಕಲ್‌ನ ನೆರಳು ಗೋಡೆಯ ಮೇಲೆ ಬಾಗಿ ಅವಳಿಗೆ ಮುತ್ತಿಡುತ್ತದೆ. ಇದೇ ಕಂಪನಿಯವರು ಮೂರು ವರ್ಷ ಹಿಂದೆ ಜನರನ್ನು ಕೆರೆಗೆ ತಳ್ಳುತ್ತಿದ್ದರು ಅಂದರೆ ನಂಬಲಾಗದು.

ಅದೇ 1916ರಲ್ಲಿ ಅವಳ ಹೆಸರಿನದೇ ಕಂಪನಿ, ಅವಳದೇ ಸ್ಟುಡಿಯೋ ಆದವು. ಆ ಕಟ್ಟಡ ಲಾಸ್ ಏಂಜಲೀಸಿನ ಬೇಟ್ಸ್ ಅವೆನ್ಯೂನಲ್ಲಿ ಉಳಿದುಕೊಂಡಿದೆ. ಅಲ್ಲಿ ತೆಗೆದದ್ದು 'ಮಿಕ್ಕಿ'. ಗಣಿ ಕೆಲಸಗಾರರ ನಡುವೆ ಗಂಡುಬೀರಿಯಾಗಿ ಬೆಳೆದ ಹುಡುಗಿ ದೇಶದ ಪೂರ್ವ ಭಾಗದ ಶ್ರೀಮಂತ ನೆಂಟರ ಮನೆಗೆ ಹೋಗಿ, ಅಲ್ಲಿ ಮನೆಯಾಳಾಗಿ, ಕೊನೆಗೆ ಜಾಕಿಯಾಗಿ ಕುದುರೆ ಓಡಿಸುವ ಕಥೆ. ಕಂಪನಿಗಳ ಗೋಳಾಟದಲ್ಲಿ ಚಿತ್ರ ಡಬ್ಬದಲ್ಲೇ ಕೊಳೆತು 1918ರಲ್ಲಿ ಹೊರಬಂತು, ಬಂದ ಮೇಲೆ ಆ ಕಾಲದ ಭಾರೀ ಗಳಿಕೆಯ ಚಿತ್ರಗಳಲ್ಲಿ ಒಂದಾಯಿತು. ಅಷ್ಟರಲ್ಲಿ ಅವಳು ಸೆನೆಟ್‌ನನ್ನು ಬಿಟ್ಟು ಸ್ಯಾಮ್ಯುಯೆಲ್ ಗೋಲ್ಡ್‌ವಿನ್ ಕಂಪನಿ ಸೇರಿದ್ದಳು. ಸೆನೆಟ್‌ನೊಂದಿಗಿನ ಪ್ರೇಮ, ಮುರಿದ ಮದುವೆ ಮಾತು, ಇವನ್ನೆಲ್ಲ 1974ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಯಲ್ಲಿ ಸಂಗೀತ ನಾಟಕವನ್ನೇ ಮಾಡಿದ್ದಾರೆ. ನಾನು ಅದರೊಳಗೆ ಹೋಗುವುದಿಲ್ಲ. ಗೋಲ್ಡ್‌ವಿನ್ ಚಿತ್ರಗಳಲ್ಲಿ ಬಹುಪಾಲು ಕಳೆದುಹೋಗಿವೆ, ಹಾಗಾಗಿ ಆ ವರ್ಷಗಳ ಬಗ್ಗೆ ತೀರ್ಪು ಕೊಡುವುದೂ ಸಲ್ಲದು.

ಇನ್ನು ಪತ್ರಿಕೆಗಳ ಕಾಲ. 1921ರ ಸೆಪ್ಟೆಂಬರಿನಲ್ಲಿ ಆರ್ಬಕಲ್ ಮೇಲೆ ನಟಿಯೊಬ್ಬಳ ಸಾವಿನ ಆರೋಪ ಬಂತು. ಮೂರು ವಿಚಾರಣೆಯ ನಂತರ 1922ರ ಏಪ್ರಿಲಿನಲ್ಲಿ ನಿರ್ದೋಷಿ ಅಂತ ತೀರ್ಪಾದರೂ, ವಾರದೊಳಗೆ ಅವನ ಚಿತ್ರಗಳಿಗೆ ನಿಷೇಧ ಬಿತ್ತು. ಆ ವಿಚಾರಣೆಗಳು ನಡೆಯುತ್ತಿದ್ದಾಗಲೇ, 1922ರ ಫೆಬ್ರವರಿ 1ರ ಸಂಜೆ, ಮೇಬೆಲ್ ತನ್ನ ಗೆಳೆಯ, ನಿರ್ದೇಶಕ ವಿಲಿಯಂ ಡೆಸ್ಮಂಡ್ ಟೇಲರ್ ಮನೆಗೆ ಹೋದಳು. ಪುಸ್ತಕ ತೆಗೆದುಕೊಂಡು ಸುಮಾರು 7.45ಕ್ಕೆ ಹೊರಟಳು, ಅವನು ಕಾರಿನವರೆಗೆ ಬಂದು ಬೀಳ್ಕೊಟ್ಟ. ಮರುದಿನ ಬೆಳಗ್ಗೆ ಮನೆಗೆಲಸದವನಿಗೆ ಅವನ ಹೆಣ ಸಿಕ್ಕಿತು, ಬೆನ್ನಿಗೆ ಗುಂಡು. ಪೊಲೀಸರು ಮೇಬೆಲ್‌ಳನ್ನು ವಿಚಾರಿಸಿ ಬಿಟ್ಟರು. ಪತ್ರಿಕೆಗಳು ಬಿಡಲಿಲ್ಲ. ಅವನನ್ನು ಜೀವಂತ ನೋಡಿದ ಕೊನೆಯವಳು ಅನ್ನುವುದೇ ಅವಳ ಬಿರುದಾಯಿತು. ಅದು ಆರುವ ಮುಂಚೆ 1924ರ ಹೊಸವರ್ಷದ ದಿನ ಅವಳ ಕಾರು ಚಾಲಕ ಒಬ್ಬ ತೈಲ ಉದ್ಯಮಿಗೆ ಗುಂಡು ಹೊಡೆದ, ಅವಳದೇ ಪಿಸ್ತೂಲಿನಿಂದ. ಆತ ಬದುಕಿದ. ಅವಳ ಮಾರುಕಟ್ಟೆ ಬದುಕಲಿಲ್ಲ. ಕೆಲವು ಊರುಗಳಲ್ಲಿ ಅವಳ ಚಿತ್ರ ಹಾಕಬಾರದು ಅಂತ ಕೂಗೆದ್ದಿತು. ಎರಡೂ ಸಲ ಟ್ರಿಗರ್ ಎಳೆದವಳು ಅವಳಲ್ಲ.

ಈ ಎರಡು ಗುಂಡುಗಳ ನಡುವೆ, 1923ರಲ್ಲಿ, ಮತ್ತೆ ಸೆನೆಟ್‌ಗಾಗಿ ಮಾಡಿದ್ದು 'ದಿ ಎಕ್ಸ್‌ಟ್ರಾ ಗರ್ಲ್'. ಹತ್ತು ವರ್ಷ ಹಿಂದಿನ ಚಿತ್ರದ ಪಕ್ಕ ಇಡಿ ಅಂದೆನಲ್ಲ, ಅದು ಇದೇ. ಇಲ್ಲೂ ಸಣ್ಣ ಊರಿನ ಹುಡುಗಿ ಸಿನಿಮಾ ಸೇರಲು ಹೊರಡುತ್ತಾಳೆ, ಬೇರೆಯವಳ ಫೋಟೋದಿಂದ ಸ್ಪರ್ಧೆ ಗೆದ್ದು. ಹಾಲಿವುಡ್ಡಿನಲ್ಲಿ ಸಿಗುವುದು ಬಟ್ಟೆ ಕೋಣೆಯ ಕೆಲಸ. ಒಂದು ದಿನ ಸಿಂಹದ ವೇಷ ಹಾಕಿದ ನಾಯಿ ಅಂದುಕೊಂಡು ನಿಜವಾದ ಸಿಂಹಕ್ಕೇ ಹಗ್ಗ ಕಟ್ಟಿ ಸ್ಟುಡಿಯೋ ತುಂಬ ಎಳೆದುಕೊಂಡು ತಿರುಗುತ್ತಾಳೆ. ಹಿಂದೆ ಜನ ದಿಕ್ಕಾಪಾಲು, ಮುಂದೆ ಇವಳದು ದಿನಗೆಲಸದ ಮುಖ. 30 ದಾಟಿದ, ಆರೋಗ್ಯ ಕೆಟ್ಟ, ಪತ್ರಿಕೆಗಳಿಂದ ಹಣ್ಣಾದ ಹೆಂಗಸು ಮಾಡಿದ ದೃಶ್ಯ ಅದು ಅಂತ ಹೇಳದಿದ್ದರೆ ಗೊತ್ತಾಗದು. ಕೊನೆಗೆ ಹುಡುಗಿ ಊರಿಗೆ ಮರಳಿ ಮದುವೆಯಾಗಿದ್ದಾಳೆ. ತನ್ನ ಹಳೆಯ ಸ್ಕ್ರೀನ್ ಟೆಸ್ಟನ್ನು (ನಟನೆ ಪರೀಕ್ಷಿಸಲು ತೆಗೆದ ತುಣುಕನ್ನು) ಮನೆಯಲ್ಲೇ ಗಂಡ, ಮಗುವಿನೊಂದಿಗೆ ನೋಡುತ್ತಾ, ಮಗು ಅಮ್ಮ ಅನ್ನುವುದರ ಮುಂದೆ ಎಂಥ ವೃತ್ತಿಯೂ ದೊಡ್ಡದಲ್ಲ ಅನ್ನುತ್ತಾಳೆ. 1913ರಲ್ಲಿ ತೆರೆಯ ಮೇಲಿದ್ದವಳು ತಾರೆ, ನೋಡುವವನು ಪೆದ್ದ. 1923ರಲ್ಲಿ ಅವಳೇ ಕೆಳಗೆ ಕೂತು ತನ್ನ ಸೋಲನ್ನು ನೋಡಿ ಸಮಾಧಾನ ಹೇಳಿಕೊಳ್ಳಬೇಕು. ಹಾಲಿವುಡ್ ಕೆಟ್ಟ ಊರು ಅಂತ ದೇಶವೆಲ್ಲ ಮಾತಾಡುತ್ತಿದ್ದ ವರ್ಷಗಳಲ್ಲಿ ಈ ಮುಕ್ತಾಯ ಯಾರನ್ನು ಒಲಿಸಿಕೊಳ್ಳಲು ಬಂತು ಅನ್ನುವುದನ್ನು ನೀವೇ ಊಹಿಸಿ.

ಮುಂದಿನದು ಬೇಗ ಮುಗಿಯುತ್ತದೆ. 1926, 27ರಲ್ಲಿ ಹ್ಯಾಲ್ ರೋಚ್ ಸ್ಟುಡಿಯೋದಲ್ಲಿ ಕೆಲವು ಚಿಕ್ಕ ಚಿತ್ರಗಳು. 'ರ‍್ಯಾಗಡಿ ರೋಸ್' ಬರೆದವರಲ್ಲಿ ಸ್ಟಾನ್ ಲಾರೆಲ್ ಇದ್ದ, 'ದ ನಿಕಲ್ ಹಾಪರ್'ನಲ್ಲಿ ಆಲಿವರ್ ಹಾರ್ಡಿ ಡ್ರಮ್ ಬಾರಿಸುತ್ತಾನೆ. ಮುಂದೆ ಲಾರೆಲ್ ಮತ್ತು ಹಾರ್ಡಿ ಅಂತ ಹೆಸರಾದ ಆ ಹಾಸ್ಯ ಜೋಡಿ ಇನ್ನೂ ಜೋಡಿಯಾಗಿರಲಿಲ್ಲ. 1926ರ ಸೆಪ್ಟೆಂಬರಿನಲ್ಲಿ ನಟ ಲ್ಯೂ ಕೋಡಿಯನ್ನು ಮದುವೆಯಾದಳು. ಕ್ಷಯ ಬಲಿಯಿತು. ಮಾತಿನ ಚಿತ್ರಗಳು ಬಂದಾಗ ಅವಳು ಆಸ್ಪತ್ರೆ ಸೇರುವ ಸ್ಥಿತಿಯಲ್ಲಿದ್ದಳು. 1930ರ ಫೆಬ್ರವರಿ 23ರಂದು ಮನ್ರೋವಿಯಾದ ಕ್ಷಯರೋಗ ಆಸ್ಪತ್ರೆಯಲ್ಲಿ ತೀರಿಕೊಂಡಳು, 37ನೇ ವಯಸ್ಸಿಗೆ.

ಸಾಕ್ಷಿಗಳ ಸ್ಥಿತಿ ಹೇಗಿದೆ? ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಒಂದು ವರದಿ ಹೊರತಂದಿತು. 1912ರಿಂದ 1929ರವರೆಗೆ ಅಲ್ಲಿ ತಯಾರಾದ ಸುಮಾರು 11,000 ಪೂರ್ಣಾವಧಿ ಮೂಕಿ ಚಿತ್ರಗಳಲ್ಲಿ ಮೂಲ ರೂಪದಲ್ಲಿ ಪೂರ್ತಿ ಉಳಿದಿರುವುದು ಶೇಕಡ 14 ಮಾತ್ರ. ಆಗ ಬಳಸುತ್ತಿದ್ದ ನೈಟ್ರೇಟ್ ಫಿಲ್ಮು ಹೊತ್ತಿ ಉರಿಯುತ್ತದೆ, ಉರಿಯದಿದ್ದರೆ ಕರಗಿ ಪುಡಿಯಾಗುತ್ತದೆ. ಆದರೆ 2010ರಲ್ಲಿ ನ್ಯೂಜಿಲೆಂಡಿನ ಸಂಗ್ರಹಾಲಯದಲ್ಲಿ ಸುಮಾರು 75 ಅಮೆರಿಕನ್ ಚಿತ್ರಗಳು ಗುರುತಿಗೆ ಬಂದವು. ವಿತರಣೆಯ ಸಾಲಿನಲ್ಲಿ ಆ ದೇಶ ಕಟ್ಟಕಡೆಯದು. ಅಲ್ಲಿಂದ ಪ್ರಿಂಟನ್ನು ವಾಪಸು ಕಳಿಸುವ ಹಡಗಿನ ಖರ್ಚು ಪ್ರಿಂಟಿಗಿಂತ ದುಬಾರಿ ಅಂತ ಅಲ್ಲೇ ಬಿಟ್ಟಿದ್ದರು. ಅವುಗಳಲ್ಲಿ ಒಂದು 'ವನ್ ಇನ್ ಎ ಕ್ಲಾಸೆಟ್', 1914ರಲ್ಲಿ ಮೇಬೆಲ್ ನಿರ್ದೇಶಿಸಿ ನಟಿಸಿದ ಚಿತ್ರ. ಜಿಪುಣತನವೂ ಒಮ್ಮೊಮ್ಮೆ ಚರಿತ್ರೆಗೆ ಉಪಕಾರಿ.

ಉಪನ್ಯಾಸ ಮುಗಿದ ಮೇಲೆ ಬಂದ ಎರಡು ಪ್ರಶ್ನೆಗಳನ್ನು ಇಲ್ಲಿ ಸೇರಿಸುತ್ತೇನೆ. ಟೇಲರ್‌ನನ್ನು ಕೊಂದವರು ಯಾರು ಅಂತ ಒಬ್ಬರು ಕೇಳಿದರು. ಆ ಪ್ರಕರಣ ಇವತ್ತಿಗೂ ಬಗೆಹರಿದಿಲ್ಲ. ಅದರ ಮೇಲೆ ಬಂದ ಪುಸ್ತಕಗಳ ರಾಶಿ ಮೇಬೆಲ್‌ಳ ನಟನೆಯ ಮೇಲೆ ಬಂದ ಬರಹಕ್ಕಿಂತ ದೊಡ್ಡದು ಅನ್ನುವುದೇ ನನಗೆ ಹೆಚ್ಚು ಬೇಸರದ ಸಂಗತಿ.

ಯಾವ ಚಿತ್ರ ಮೊದಲು ನೋಡಬೇಕು ಅಂತ ಇನ್ನೊಬ್ಬರು ಕೇಳಿದರು. ಇವು ಹಕ್ಕುಸ್ವಾಮ್ಯ ಮುಗಿದ ಚಿತ್ರಗಳು, ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. 'ಮೇಬೆಲ್ಸ್ ಬ್ಲಂಡರ್'ನಿಂದ ಶುರು ಮಾಡಿ, ಆಮೇಲೆ 'ಅಡ್ರಿಫ್ಟ್'. ಒಂದೇ ಎಚ್ಚರಿಕೆ: ಆಗ ಕ್ಯಾಮೆರಾವನ್ನು ಕೈಯಲ್ಲಿ ತಿರುಗಿಸುತ್ತಿದ್ದರು, ಸೆಕೆಂಡಿಗೆ ಹದಿನಾರು, ಹದಿನೆಂಟು ಚೌಕಟ್ಟು. ಇಂದಿನ 24ರ ವೇಗಕ್ಕೆ ಓಡಿಸಿದರೆ ಎಲ್ಲರೂ ಇರುವೆ ಕಚ್ಚಿದವರಂತೆ ಓಡುತ್ತಾರೆ, ಅವಳ ಮುಖದ ಮೇಲಿನ ಯೋಚನೆ ಕಾಣುವುದೇ ಇಲ್ಲ. ಹಾಗೆ ಅನ್ನಿಸಿದರೆ ವೇಗ ಇಳಿಸಿ, ಕಿರಿಕಿರಿಯ ಪಿಯಾನೋ ಇದ್ದರೆ ಸದ್ದು ತೆಗೆದುಬಿಡಿ. 'ಎಕ್ಸ್‌ಟ್ರಾ ಗರ್ಲ್' ಕೊನೆಗಿಟ್ಟುಕೊಳ್ಳಿ. ಸಿಂಹದ ಭಾಗ ಮುಗಿದೊಡನೆ ನಿಲ್ಲಿಸಿದರೂ ನನ್ನ ಅಡ್ಡಿಯಿಲ್ಲ.